ಮೇಜಿನ ಮೇಲೆ ಟೈಪು ಮಾಡುತ್ತಿದ್ದ ಖಾಸದಾರರು

ಅವರ ಎರಡೂ ತೋರುಬೆರಳುಗಳ ತುದಿ ಚಪ್ಪಟೆಯಾಗಿತ್ತು. ಉಗುರು ಅಗಲ, ಅದರ ಕೆಳಗಿನ ಚರ್ಮ ಎತ್ತಿನ ಹೆಗಲಿನಷ್ಟು ಗಟ್ಟಿ. ಉಳಿದ ಎಂಟು ಬೆರಳುಗಳು ಯಾವ ಗುಮಾಸ್ತನವಾದರೂ ಆಗಬಹುದಿತ್ತು, ಈ ಎರಡು ಮಾತ್ರ ಅವರವೇ. ನೀವು ಎದುರಿಗೆ ಕುಳಿತು ಬಾಯಿ ತೆರೆದರೆ ಸಾಕು, ಆ ಎರಡು ಬೆರಳು ಮೇಜಿನ ಗಾಜಿನ ಮೇಲೆ ಟಕಟಕ ಓಡತೊಡಗುತ್ತಿದ್ದವು. ಮೇಜು ಇಲ್ಲದಿದ್ದರೆ ಮೊಣಕಾಲಿನ ಮೇಲೆ, ಸಭೆಯಲ್ಲಿದ್ದರೆ ಕುರ್ಚಿಯ ಕೈ ಮೇಲೆ. ಕೇಳಲು ಪುರಸತ್ತಿಲ್ಲದ ಮನುಷ್ಯ ಎಂದು ಹೊಸಬರು ತಿಳಿಯುತ್ತಿದ್ದರು. ನಾನೂ ಹಾಗೇ ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ನಾವು ಆಡಿದ ಮಾತನ್ನೇ ಅವರು ಟೈಪು ಮಾಡುತ್ತಿದ್ದರು. ಬೆರಳು ನಿಂತರೆ ನಾವು ಏನೋ ಸುಳ್ಳು ಹೇಳಿದ್ದೇವೆ, ಇಲ್ಲವೇ ಅರ್ಜಿಗೆ ಬೇಡದ್ದನ್ನು ಹೇಳಿದ್ದೇವೆ ಎಂದು ಅರ್ಥ.

ಅವರು ಗೋವಾದಲ್ಲಿ ನಾವಿದ್ದ ಕಡೆಯ ಸಂಸದರು. ಸಂಸದನಿಗೆ ಮರಾಠಿಯಲ್ಲಿ ಖಾಸದಾರ ಅನ್ನುತ್ತಾರೆ. ಗೋವಾದ ಬೀದಿಯಲ್ಲೂ ಆ ಮಾತೇ ಓಡುತ್ತಿದ್ದರಿಂದ ಅಲ್ಲಿ ದುಡಿಯಲು ಬಂದ ನಮ್ಮ ಕನ್ನಡದ ಮಂದಿಗೆ ಅವರು ಖಾಸದಾರ ಸಾಹೇಬರು. ಅವರ ಅಪ್ಪ ಹೊಳೆ ದಾಟಿಸುವ ಫೆರಿಯಲ್ಲಿ ಹಗ್ಗ ಕಟ್ಟುವ ಆಳು. ಇವರು ಮೆಟ್ರಿಕ್ ಮುಗಿಸಿ, ಮುಂದೆ ಓದಲಾಗದೆ, ಹಳೆಯ ಟೈಪ್‌ರೈಟರ್ ಒಂದನ್ನು ತಂದು ಮಾಮಲೇದಾರ, ಅಂದರೆ ತಹಸೀಲ್ದಾರರ, ಕಚೇರಿಯ ಎದುರಿನ ಮರದ ಕೆಳಗೆ ಕುಳಿತರು. ಹದಿನೆಂಟು ವರ್ಷ ಅಲ್ಲೇ ಕುಳಿತು ಮಂದಿಯ ಅರ್ಜಿಗಳನ್ನು ಎರಡೇ ಬೆರಳಲ್ಲಿ ಹೊಡೆದರು. ಬಂದರಿನಲ್ಲಿ ಕೈಕಾಲು ಮುರಿದುಕೊಂಡವರ ಪರಿಹಾರದ ಅರ್ಜಿ, ಗಂಡ ಓಡಿಹೋದವಳ ರೇಷನ್ ಕಾರ್ಡಿನ ಅರ್ಜಿ. ಮರದ ಕೆಳಗಿಂದ ಪಂಚಾಯತಿಗೆ ಹೋದರು, ಪಂಚಾಯತಿಯಿಂದ ಪಾರ್ಲಿಮೆಂಟಿಗೆ. "ಇಬ್ಬರು ದೊಡ್ಡ ಮಂದಿ ಟಿಕೀಟಿಗೆ ಜಗಳಾಡಿದ್ರು. ನಡುವ ನಾ ಸಿಕ್ಕೆ" ಎಂದು ಅವರೇ ನಗುತ್ತಿದ್ದರು.

ಅವರ ಕನ್ನಡ ನಮ್ಮ ಹಮಾಲರಿಂದ ಕಲಿತದ್ದು. ಗಿರಾಕಿಗಳೆಲ್ಲ ರೀ ಹಚ್ಚಿ ಮಾತಾಡುತ್ತಿದ್ದರಿಂದ ಕನ್ನಡಕ್ಕೆ ರೀ ಇಲ್ಲದೆ ನಡೆಯುವುದಿಲ್ಲ ಎಂದು ಅವರು ನಂಬಿದ್ದರು. ಸಣ್ಣ ಹುಡುಗರಿಗೂ ರೀ. ಪಡಸಾಲೆಯ ಬಾಗಿಲಿಗೆ ಅಡ್ಡ ಮಲಗುತ್ತಿದ್ದ ನಾಯಿಗೂ "ಏಳ್ರಿ, ಆಚಿ ಸರೀರಿ" ಎನ್ನುತ್ತಿದ್ದರು.

ನಾನು ಅವರ ಬಳಿಗೆ ಹೋದದ್ದು ಬಂದರಿನ ಹತ್ತಿರದ ಕಡಲದಂಡೆ ಬಾಯ್ನಾದಲ್ಲಿ ನಮ್ಮ ಮಂದಿಯ ಮನೆಗಳನ್ನು ಸರ್ಕಾರ ಕೆಡವಿದ ಮರುವರ್ಷ. ನಮ್ಮ ಅಪ್ಪ ಗದಗ ಸೀಮೆಯಿಂದ ಬಂದು ಬಂದರಿನಲ್ಲಿ ಮೂಟೆ ಹೊತ್ತವನು, ಅವ್ವ ಕಟ್ಟಡಗಳಲ್ಲಿ ಬುಟ್ಟಿ ಹೊತ್ತವಳು. ಬಾಯ್ನಾದ ಮನೆ ಹೋದ ಮೇಲೆ ಗುಡ್ಡ ಹತ್ತಿ ಸಡಾದಲ್ಲಿ ಒಂದು ಖೋಲಿ ಹಿಡಿದಿದ್ದೆವು. ನಾನು ನಮ್ಮ ಮನೆತನದಲ್ಲಿ ಮೊದಲ ಪದವೀಧರೆ. ಇದನ್ನು ಹೇಳುವಾಗ ಈಗಲೂ ನನ್ನ ಬೆನ್ನು ನೆಟ್ಟಗಾಗುತ್ತದೆ, ಆಗಲಿ. ಎಂಟು ವರ್ಷ ತುಂಬುವ ತನಕ ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡು ಮನೆಯಲ್ಲಿದ್ದವಳು ನಾನು. ನೇರ ಎರಡನೇ ಇಯತ್ತೆಗೆ ಕುಳಿತು, ಒಂದು ಸಲವೂ ನಪಾಸಾಗದೆ ಬಿ.ಕಾಂ. ಮುಗಿಸಿದ್ದೆ.

ಸರ್ಕಾರಿ ಗುಮಾಸ್ತರ ಹುದ್ದೆಗೆ ಅರ್ಜಿ ಕರೆದಿದ್ದರು. ಗೋವಾದಲ್ಲಿ ಹದಿನೈದು ವರ್ಷ ಇದ್ದ ದಾಖಲೆ, ಅಂದರೆ ರೆಸಿಡೆನ್ಸ್ ಸರ್ಟಿಫಿಕೇಟು ಬೇಕಿತ್ತು. ಮಾಮಲೇದಾರ ಕಚೇರಿಯ ಎದುರಿನ ಟೈಪಿಸ್ಟರು "ಬಾಯ್, ಫಾರ್ಮ್ ಭರೂಂ?" ಎಂದು ಕರೆದರು. ತುಂಬಿಕೊಡಲೇನಮ್ಮ ಎಂದು ಕೇಳುವ ಕೊಂಕಣಿ ಅದು. ನನಗೆ ಅವಮಾನವಾಯಿತು. ಪದವಿ ಮಾಡಿದವಳು ಒಂದು ಫಾರ್ಮು ತುಂಬಲಾರೆನೇ? ಮುದ್ದಾದ ಅಕ್ಷರದಲ್ಲಿ ನಾನೇ ತುಂಬಿ ಕೊಟ್ಟೆ. ಹತ್ತು ದಿನ ಬಿಟ್ಟು ಹೋದರೆ ತಿರಸ್ಕಾರವಾಗಿತ್ತು.

ಕೌಂಟರಿನ ಗುಮಾಸ್ತ ಒಂದೊಂದೇ ಕಾಗದ ತೋರಿಸಿದ. ಹುಟ್ಟಿದ ದಾಖಲೆ ಗದಗ ಕಡೆಯದು. ಶಾಲೆಗೆ ಸೇರಿದ್ದು ಎಂಟು ತುಂಬಿದ ಮೇಲೆ, ಅಲ್ಲಿಂದ ಲೆಕ್ಕ ಹಾಕಿದರೆ ಹದಿನಾಲ್ಕೇ ವರ್ಷ. ಅದಕ್ಕೆ ಮೊದಲು ನೀನು ಕರ್ನಾಟಕದಲ್ಲಿದ್ದೆ ಎಂದ. ಜೊತೆಗಿದ್ದ ಅಪ್ಪ ಮುಂದೆ ಬಂದು ತನಗೆ ಬರುವ ಹಿಂದಿಯಲ್ಲಿ ತಿಳಿಸಿ ಹೇಳಲು ಹೋಗಿ ಕೊನೆಗೆ ಕನ್ನಡಕ್ಕೇ ಇಳಿದ. "ಹುಟ್ಟಿದ್ದು ಊರಾಗರೀ. ಚೊಚ್ಚಲ ಹೆರಿಗಿ ತವರಾಗ ಆಗಬೇಕಲ್ರಿ? ಮೂರು ತಿಂಗಳ ಕೂಸು ಇದ್ದಾಗ ಕರ್ಕೊಂಡು ಬಂದೇವ್ರಿ." ಗುಮಾಸ್ತ ಒಂದೇ ಮಾತು ಕೇಳಿದ: ಪ್ರೂಫ್?

ಪ್ರೂಫ್ ಇತ್ತು. ತಗಡಿನ ಟ್ರಂಕಿನಲ್ಲಿ ಹಳೆಯ ರೇಷನ್ ಕಾರ್ಡು, ದವಾಖಾನೆ ಚೀಟಿ, ಬಾಡಿಗೆ ಪಾವತಿ ಎಲ್ಲ ಇದ್ದವು. ಬಾಯ್ನಾದಲ್ಲಿ ಮನೆ ಕೆಡವಿದಾಗ ಸುರಿಯುವ ಮಳೆಯಲ್ಲಿ ಆ ಟ್ರಂಕು ಎರಡು ದಿನ ಹೊರಗೇ ಉಳಿದಿತ್ತು. ಮುಚ್ಚಳ ತೆಗೆದಾಗ ಒಳಗೆ ನೆನೆದ ಅವಲಕ್ಕಿಯಂಥ ಮುದ್ದೆ.

ಕೊನೆಯ ದಿನಕ್ಕೆ ಹದಿಮೂರು ದಿನ ಬಾಕಿ. ಶನಿವಾರ ಬೆಳಿಗ್ಗೆ ಅಪ್ಪನೂ ನಾನೂ ಖಾಸದಾರರ ಪಡಸಾಲೆಯ ಬಾಕಿನ ಮೇಲೆ ಕುಳಿತೆವು. ಅವರ ಪಿ.ಎ. ನಮ್ಮನ್ನು ನೋಡಿ, ಇದು ಮಾಮಲೇದಾರರ ಕೆಲಸ, ಖಾಸದಾರರದ್ದಲ್ಲ ಎಂದ. ಒಳಗಿನಿಂದ ಅವರೇ ಕೂಗಿದರು: "ಬರ್ಲಿ ಬಿಡ್ರಿ. ಮಾಮಲೇದಾರರ ಬಾಗಿಲಿಗೆ ಹೋಗೇ ಬಂದಿರ್ತಾರ."

ಅವರು ಕುಳಿತಿರಲಿಲ್ಲ. ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. "ಹೇಳ್ರಿ ಬಾಯ್. ಬೇಗಿನ."

ನಾನು ಎರಡು ರಾತ್ರಿ ಮನಸ್ಸಿನಲ್ಲೇ ಬರೆದುಕೊಂಡಿದ್ದ ಭಾಷಣ ಶುರುಮಾಡಿದೆ. ಅಪ್ಪನ ಬೆನ್ನು, ಅವ್ವನ ಬುಟ್ಟಿ, ಚಿಮಣಿ ಬೆಳಕಿನ ಓದು, ಬಿದ್ದ ಮನೆ, ನಮ್ಮಂಥವರಿಗೆ ಆಗುವ ಅನ್ಯಾಯ. ಎರಡನೇ ವಾಕ್ಯಕ್ಕೇ ಅವರ ಬೆರಳು ನಿಂತಿದ್ದವು. ನನಗೆ ಅದರ ಅರ್ಥ ಗೊತ್ತಿರಲಿಲ್ಲ, ಹೇಳುತ್ತಲೇ ಹೋದೆ.

"ಬಾಯ್, ಕಾಗದಕ್ಕ ಅಳು ಕೇಳಿಸೂದಿಲ್ಲರಿ. ತಾರೀಖು ಹೇಳ್ರಿ."

"ನಾ ಅಳಾಕತ್ತಿಲ್ಲ."

"ಹೌದ್ರಿ, ಬೈಯಾಕತ್ತೀರಿ. ಅದೂ ಕೇಳಿಸೂದಿಲ್ಲ." ಕೈ ಚಾಚಿ ಫಾರ್ಮಿನ ನಕಲು ತೆಗೆದುಕೊಂಡರು. ನಿಂತಲ್ಲೇ ಓದಿದರು. "ಇದನ್ನ ಯಾರು ತುಂಬಿದ್ರು?"

"ನಾನ ತುಂಬೇನ್ರಿ. ಬಿ.ಕಾಂ. ಆಗೇತಿ."

"ನಾ ಬರೇ ಮೆಟ್ರಿಕ್ರಿ. ತಿಳೀಲಿಲ್ಲ, ಅದಕ್ಕ ಕೇಳಾಕತ್ತೇನಿ. ಖಾಯಂ ವಿಳಾಸ ಅಂದ್ರ ಏನು?"

"ನಮ್ಮೂರು."

"ಅಲ್ಲೆ ಯಾರದಾರ?"

"ಯಾರೂ ಇಲ್ರಿ. ಮನಿ ಗ್ವಾಡಿ ಬಿದ್ದೈತಿ."

"ಬಿದ್ದ ಗ್ವಾಡಿ ಖಾಯಂ. ದಿನಾ ಅನ್ನ ಉಣ್ಣೂ ಮನಿ ಟೆಂಪರರಿ. ಹಂಗೇನ್ರಿ?"

ಅಪ್ಪ ನಡುವೆ ಬಂದ. "ಎಲ್ಲಾರೂ ಹಂಗ ಬರಸ್ತಾರ್ರಿ ಸಾಹೇಬ್ರ. ನಮ್ಮ ಮನಿದೇವ್ರು ಅಲ್ಲೇ ಅದಾನಲ್ರಿ."

"ದೇವ್ರಿಗೆ ಸರ್ಟಿಫಿಕೇಟು ಬೇಕಾಗಿಲ್ಲರಿ ಕಾಕಾ. ನಿಮ್ಮ ಮಗಳಿಗೆ ಬೇಕಾಗೇತಿ." ಫಾರ್ಮನ್ನು ಮೇಜಿನ ಮೇಲಿಟ್ಟು ಆ ಸಾಲಿನ ಮೇಲೆ ಚಪ್ಪಟೆ ಬೆರಳು ಒತ್ತಿದರು. "ಹದಿನೆಂಟು ವರ್ಷ ನಿಮ್ಮ ಮಂದಿ ಅರ್ಜಿ ಹೊಡದೇನ್ರಿ. ಇಪ್ಪತ್ತು ವರ್ಷ ಇಲ್ಲಿ ದುಡದವ್ರೂ ಇದೊಂದು ಸಾಲಿನಾಗ ಊರಿಗೆ ಹೋಗಿಬಿಡ್ತಾರ."

ನಾನು ಶಿಫಾರಸು ಪತ್ರ ಕೇಳಿದೆ. ಕೊಡುವುದಿಲ್ಲ ಎಂದರು. "ನನ್ನ ಪತ್ರದ ಮ್ಯಾಲೆ ಸರ್ಟಿಫಿಕೇಟು ತಗೊಂಡ್ರ, ನಾಳೆ ಯಾರರೆ ತಕರಾರು ಹಾಕಿದ್ರ ನೌಕರಿ ಹೋತು. ಪತ್ರ ಬ್ಯಾಡ. ಪುರಾವೆ ತರ್ರಿ."

ಎಲ್ಲಿಂದ ತರಲಿ? ಸಿಟ್ಟು ನೆತ್ತಿಗೇರಿತು. ಎದ್ದು ನಿಂತೆ. "ಕೊಡೋ ಮನಸಿಲ್ಲಂದ್ರ ಇಲ್ಲ ಅನ್ರಿ. ಘಾಟಿ ಮಂದಿಗೆ ಕೊಡೂದಿಲ್ಲ ಅಂತ ನೆಟ್ಟಗ ಹೇಳ್ರಿ."

ಘಾಟಿ ಎಂದರೆ ಘಟ್ಟದ ಮೇಲಿನವರು. ಬಸ್ಸಿನಲ್ಲಿ, ಅಂಗಡಿಯಲ್ಲಿ ನಮ್ಮನ್ನು ಹೀಯಾಳಿಸಲು ಬಳಸುವ ಮಾತು. ಅದನ್ನು ಒಬ್ಬ ಖಾಸದಾರನ ಮುಖಕ್ಕೆ ಎಸೆದಿದ್ದೆ. ಅಪ್ಪ ನನ್ನ ತೋಳು ಹಿಡಿದು ಎಳೆಯತೊಡಗಿದ. ಪಿ.ಎ. ಬಾಗಿಲಿಗೆ ಬಂದು ನಿಂತ. ಅಷ್ಟು ಹೊತ್ತು ಸುಮ್ಮನಿದ್ದ ಅವರ ಬೆರಳು ಆಗ ಗಾಜಿನ ಮೇಲೆ ನಿಧಾನ ಆಡಿದವು. ನನ್ನ ಮಾತನ್ನು ಅಕ್ಷರ ಬಿಡದೆ ಹೊಡೆದು ಮುಗಿಸಿದ ಮೇಲೆ ಕೇಳಿದರು:

"ಇವರ ಅವ್ವ ಎಲ್ಲದಾರ್ರಿ?"

"ಕೆಲಸಕ್ಕ ಹೋಗ್ಯಾಳ್ರಿ" ಎಂದ ಅಪ್ಪ.

"ಬರೂ ಶನಿವಾರ ಅವರನ್ನ ಕರ್ಕೊಂಡು ಬರ್ರಿ. ಕೂಸಿನ ತಾರೀಖು ಅಪ್ಪಗ ಗೊತ್ತಿರೂದಿಲ್ಲ."

ಆ ವಾರ ಹೇಗೆ ಕಳೆಯಿತೋ ದೇವರಿಗೇ ಗೊತ್ತು. ಅಧಿವೇಶನವಿತ್ತು, ಅವರು ದಿಲ್ಲಿಗೆ ಹೋಗಿದ್ದರು. ನಾನು ಗುಡ್ಡ ಇಳಿದು ಪೋಸ್ಟಿನ ತನಕ ಹೋಗುವುದು, ಸುಮ್ಮನೆ ತಿರುಗಿ ಹತ್ತುವುದು. ಬಂದರಿನ ಹಡಗು ಕೂಗಿದರೂ ಎದೆ ಹಾರುತ್ತಿತ್ತು. ಇನ್ನೊಬ್ಬರ ಕೈಯಲ್ಲಿ ನಮ್ಮ ಬದುಕು ಕೊಟ್ಟು ಕಾಯುವುದಿದೆಯಲ್ಲ, ಅದು ಮೂಟೆ ಹೊರುವುದಕ್ಕಿಂತ ಭಾರ. ಅವರು ದಿಲ್ಲಿಯಲ್ಲಿ ಏನು ಮಾಡುತ್ತಿದ್ದರು ಎಂಬುದು ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ. ವಿಮಾನದಲ್ಲಿ ಮಂದಿಯ ಅರ್ಜಿಗಳ ಕಟ್ಟು ಬಿಚ್ಚಿ ಓದುವುದು. ಬಂದರು ಕಾರ್ಮಿಕರ ವಿಮೆಯ ಬಗ್ಗೆ ಪ್ರಶ್ನೆ ಕೇಳುವುದು. "ಪರಿಶೀಲನೆಯಲ್ಲಿದೆ" ಎಂದು ಮಂತ್ರಾಲಯದಿಂದ ಬರುವ ಎರಡು ಸಾಲಿನ ಉತ್ತರವನ್ನು ಜೋಪಾನ ಮಡಚಿ ತಂದು ಅದೇ ಕಾರ್ಮಿಕರಿಗೆ ಓದಿ ಹೇಳುವುದು. "ದಿಲ್ಲಿಯಾಗ ನಾ ಹಿಂದಿನ ಬಾಕಿನವ್ರಿ" ಎನ್ನುತ್ತಿದ್ದರು. "ನನ್ನ ಖರೇ ಕೆಲಸ ಶನಿವಾರದ್ದು."

ಆ ಶನಿವಾರಕ್ಕೆ ಕೊನೆಯ ದಿನಕ್ಕೆ ಆರೇ ದಿನ ಉಳಿದಿದ್ದವು. ಅವ್ವ ಒಂದು ದಿನದ ಪಗಾರ ಬಿಟ್ಟು ಬಂದಿದ್ದಳು. ಅವಳನ್ನು ಕುರ್ಚಿಯ ಮೇಲೆ ಕೂರಿಸಿ ತಾವು ನಿಂತು ಕೇಳಿದರು.

"ಅಕ್ಕಾ, ಕೂಸಿಗೆ ಯಾವಾಗರೆ ಮೈ ಬೆಚ್ಚಗಾಗಿತ್ತೇನ್ರಿ?"

"ಆಗಿತ್ತಲ್ರಿ. ಬಂದ ವಾರದಾಗ ಸೂಜಿ ಹಾಕ್ಸಿದ್ದೆ. ರಟ್ಟಿ ಬಾತು ರಾತ್ರೆಲ್ಲಾ ಅತ್ಲು." ಅವ್ವ ನನ್ನ ತೋಳಿನ ಕಲೆ ತೋರಿಸಿದಳು.

"ಎಲ್ಲಿ ಹಾಕ್ಸಿದ್ರಿ?"

"ಸರ್ಕಾರಿ ದವಾಖಾನಿಯಾಗ. ಸಿಸ್ಟರಬಾಯಿ ದೊಡ್ಡ ಪುಸ್ತಕದಾಗ ಬರಕೊಂಡ್ರು."

ಬೆರಳುಗಳು ಮೇಜಿನ ಮೇಲೆ ಓಡಿದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. "ನಡೀರಿ" ಎಂದು ಚಪ್ಪಲಿ ಮೆಟ್ಟಿಯೇಬಿಟ್ಟರು. ಹನ್ನೊಂದಕ್ಕೆ ಉದ್ಘಾಟನೆ ಇದೆ ಎಂದು ಪಿ.ಎ. ಹಿಂದೆ ಓಡಿದ. "ರಿಬ್ಬನ್ ಎಲ್ಲಿ ಓಡಿಹೋಗ್ತದ್ರಿ? ನಾಳೆ ಕತ್ತರಿಸೂಣು."

ದವಾಖಾನೆಯ ನರ್ಸು ಅವರನ್ನು ನೋಡಿ ಗಾಬರಿಯಾದಳು. ಆದರೂ ಹಳೆಯ ದಾಖಲೆ ತೆಗೆಯಲು ಅರ್ಜಿ ಬೇಕು ಎಂದಳು. "ಬರೋಬರ್" ಎಂದರು ಇವರು. ಅಲ್ಲಿನ ಟೈಪ್‌ರೈಟರಿನ ಮುಂದೆ ಕುಳಿತು ಎರಡು ನಿಮಿಷದಲ್ಲಿ ಅರ್ಜಿ ಹೊಡೆದು ನನ್ನ ಕೈಗೆ ಕೊಟ್ಟರು. ಅದರಲ್ಲಿ ಅವರ ಹೆಸರು ಎಲ್ಲೂ ಇರಲಿಲ್ಲ. "ಅರ್ಜಿದಾರರು ನೀವು. ಸಹಿ ಮಾಡ್ರಿ." ಆ ಅರ್ಜಿ ಆರು ಸಾಲಿತ್ತು. ನಾನು ಕಾಲೇಜಿನಲ್ಲಿ ಓದಿದ ಯಾವ ಪುಸ್ತಕದಲ್ಲೂ ಅಷ್ಟು ಚೊಕ್ಕ ಬರವಣಿಗೆ ಕಂಡಿರಲಿಲ್ಲ. ಒಂದು ಮಾತು ತೆಗೆದರೆ ಅರ್ಥ ಕುಂಟುತ್ತಿತ್ತು, ಒಂದು ಸೇರಿಸಲು ಜಾಗವಿರಲಿಲ್ಲ.

ಹಿಂದಿನ ಕೋಣೆಯ ಕಪಾಟು ತೆಗೆದರೆ ಗೆದ್ದಲು. ಅಪ್ಪ, ಅವ್ವ, ನಾನು, ಖಾಸದಾರರು ನಾಲ್ವರೂ ನೆಲದ ಮೇಲೆ ಕುಳಿತೆವು. ಓದಲು ಬರುತ್ತಿದ್ದದ್ದು ಇಬ್ಬರಿಗೆ ಮಾತ್ರ. ಅಪ್ಪ ರಜಿಸ್ಟರು ಇಳಿಸಿಕೊಡುವುದು, ಅವ್ವ ಸೆರಗಿನಿಂದ ಧೂಳು ಒರೆಸುವುದು. ಅವರ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಒಂದು ಹೊತ್ತಿಗೆ ಅದನ್ನು ತೆಗೆದು ಅಪ್ಪನ ಕೈಗೆ ಕೊಟ್ಟು "ನೀವಽ ಮಾತಾಡ್ರಿ" ಎಂದುಬಿಟ್ಟರು. ಅಪ್ಪ ಅದನ್ನು ಬಿಸಿ ಕೆಂಡದಂತೆ ಹಿಡಿದು "ಸಾಹೇಬ್ರು ಪುಸ್ತಕ ನೋಡಾಕತ್ತಾರ್ರಿ" ಎಂದು ಯಾರಿಗೋ ಹೇಳಿದ. ಯಾವ ದೊಡ್ಡ ಮನುಷ್ಯನಿಗೆ ಹೇಳಿದನೋ ಇವತ್ತಿಗೂ ಗೊತ್ತಿಲ್ಲ.

ಊಟದ ಹೊತ್ತು ಮೀರಿತ್ತು. ಅವರ ಬೆರಳು ಒಂದು ಸಾಲಿನ ಮೇಲೆ ನಿಂತಿತು. ಈ ಸಲ ನಿಂತದ್ದು ಸುಳ್ಳಿಗಲ್ಲ.

ಹೆಣ್ಣು ಕೂಸು, ಮೂರು ತಿಂಗಳು. ಹೆಸರು ಇಟ್ಟಿಲ್ಲ. ತಾಯಿಯ ಹೆಸರು, ತಂದೆಯ ಹೆಸರು, ವಿಳಾಸ ಬಾಯ್ನಾ. ಅದೇ ವರ್ಷದ ಪುಸ್ತಕದಲ್ಲಿ ಒಂಬತ್ತನೇ ತಿಂಗಳ ಸೂಜಿ. ಮುಂದಿನದರಲ್ಲಿ ಒಂದೂವರೆ ವರ್ಷದ್ದು. ಇನ್ನೂ ಮುಂದೆ ಐದು ವರ್ಷದ್ದು, ಅಲ್ಲಿ ನನ್ನ ಹೆಸರೇ ಇತ್ತು.

ಅವ್ವ ಆ ಪುಟದ ಮೇಲೆ ಅಂಗೈ ಇಟ್ಟಳು. "ನನ್ನ ಹೆಸರು ಯಾವುದವ್ವಾ ಇದರಾಗ?" ನಾನು ಅವಳ ಬೆರಳು ಹಿಡಿದು ಆ ಅಕ್ಷರಗಳ ಮೇಲೆ ಇಟ್ಟೆ. "ಅವತ್ತು ಕೆಲಸ ತಪ್ಪಸ್ಕೊಂಡು ಸೂಜಿ ಹಾಕ್ಸಾಕ ಹೋಗಿದ್ದಕ್ಕ ಮೇಸ್ತ್ರಿ ಬೈದಿದ್ದ" ಎಂದಳು, ಅಷ್ಟೇ. ಖಾಸದಾರರು ಕಿಟಕಿಯ ಕಡೆ ತಿರುಗಿ ನಿಂತಿದ್ದರು. ಬೆರಳು ಕಿಟಕಿಯ ಸರಳಿನ ಮೇಲೆ ಆಡುತ್ತಿದ್ದವು.

ನರ್ಸು ನಕಲು ಬರೆದುಕೊಡುವ ತನಕ ಹೊರಗಿನ ಜಗಲಿಯಲ್ಲಿ ನಿಂತಿದ್ದೆವು. ನಾನು ಅವತ್ತಿನ ಮಾತಿಗೆ ತಪ್ಪಾಯಿತೆಂದೆ. ಅವರು ಕೇಳಿಸಿಕೊಳ್ಳದವರಂತೆ ಅವ್ವನಿಗೆ ಹೇಳಿದರು: "ನನ್ನ ಆಯೀನೂ ಹೆರಿಗಿಗೆ ತವರಿಗೆ ಹೋಗಿದ್ಳರಿ ಅಕ್ಕಾ. ಕಾರವಾರದ ಆಚಿ. ಆಗ ಇಲ್ಲಿ ಪರಂಗಿಯವರ ರಾಜ್ಯ. ನಲವತ್ತು ದಿನದ ನನ್ನನ್ನ ದೋಣಿಯಾಗ ಮುಚ್ಚಿ ತಂದ್ಳಂತ. ಕಾಗದ ನೋಡಿದ್ರ ನಾನೂ ನಿಮ್ಮ ರಾಜ್ಯದವನ, ನಾನೂ ಘಾಟಿ." ಆಮೇಲೆ ದನಿ ತಗ್ಗಿಸಿ, "ಇದನ್ನ ಯಾರಿಗೂ ಹೇಳಿಲ್ಲರಿ. ಹೇಳಾಕ ಧೈರ್ಯ ಇಲ್ಲ" ಎಂದರು.

ನನ್ನ ಕಡೆ ತಿರುಗಿ ಫೀಸು ಕೇಳಿದರು. ಹತ್ತು ಮಂದಿಯ ಫಾರ್ಮು ನಾನು ತುಂಬಿಕೊಡಬೇಕು. ಖಾಯಂ ವಿಳಾಸದ ಸಾಲನ್ನು ಮೊದಲು ಓದಿ ಹೇಳಬೇಕು.

ಕೊನೆಯ ದಿನದ ಹಿಂದಿನ ದಿನ ಸರ್ಟಿಫಿಕೇಟು ಕೈಗೆ ಬಂತು. ಆ ಸಲ ನೌಕರಿ ಸಿಗಲಿಲ್ಲ. ಎರಡು ವರ್ಷ ಕಳೆದು, ಅದೇ ಸರ್ಟಿಫಿಕೇಟಿನ ಮೇಲೆ ಇನ್ನೊಂದು ಇಲಾಖೆಯಲ್ಲಿ ಸಿಕ್ಕಿತು. ಅಷ್ಟರೊಳಗೆ ಸಡಾದಲ್ಲಿ ಭಾನುವಾರಗಳಂದು ನೀರಿನ ಟಾಕಿಯ ಕಟ್ಟೆಯ ಮೇಲೆ ಕುಳಿತು ಹತ್ತು ಫಾರ್ಮು ಎಂದೋ ಮುಗಿಸಿದ್ದೆ.

ಅವರನ್ನು ದೇವರು ಮಾಡಲಾರೆ. ಸಡಾಕ್ಕೆ ನಲ್ಲಿ ತರುತ್ತೇನೆ ಎಂದವರು ಕೊನೆತನಕ ತರಲಿಲ್ಲ, ಹೆಂಗಸರು ಕೊಡ ಕುಕ್ಕಿ ಬೈಯುತ್ತಿದ್ದರು. ಬೈದದ್ದು ಸರಿಯೇ. ಪಿ.ಎ.ಗಳ ಮೇಲೆ ರೇಗಾಡುತ್ತಿದ್ದರು. ಒಂದು ಕಡೆ ಕುಳಿತು ಊಟ ಮಾಡಿದ್ದನ್ನು ನಾನು ನೋಡಲಿಲ್ಲ. ಅವರ ಜೊತೆ ಒಂದು ತಾಸಿದ್ದರೆ ನಮಗೂ ಎಲ್ಲೋ ತಡವಾಗುತ್ತಿದೆ ಎನ್ನುವ ತಳಮಳ ಹತ್ತಿಕೊಳ್ಳುತ್ತಿತ್ತು.

ಮುಂದಿನ ಚುನಾವಣೆಯ ಒಂದು ಸಭೆಗೆ ನಾನೂ ಹೋಗಿದ್ದೆ. ಹಿಂದಿನಿಂದ ಒಬ್ಬ ಕೊಂಕಣಿಯಲ್ಲಿ ಕೂಗಿದ: ಇಲ್ಲಿಯ ತನಕ ಎಷ್ಟು ಘಾಟಿಗಳನ್ನು ಒಳಗೆ ಬಿಟ್ಟೆ, ಹೇಳು! ಮಂದಿ ನಕ್ಕರು. ಅವರ ಬೆರಳು ಮೈಕಿನ ಕಂಬದ ಮೇಲೆ ಒಂದೆರಡು ಸಲ ಆಡಿ ನಿಂತವು. ಪಿ.ಎ. ಉತ್ತರ ಕೊಡಬೇಡಿ ಎಂದು ತಲೆಯಾಡಿಸಿದ. ಅವರು ಕೊಂಕಣಿಯಲ್ಲೇ ಹೇಳಿಬಿಟ್ಟರು. "ಒಬ್ಬನನ್ನ. ಅವನನ್ನೂ ನಾನು ಬಿಟ್ಟದ್ದಲ್ಲ. ನನ್ನ ತಾಯಿ ದೋಣಿಯಲ್ಲಿ ತಂದಳು, ಅವನಿಗಾಗ ನಲವತ್ತು ದಿನ. ಈಗ ನಿಮ್ಮ ಮುಂದೆ ನಿಂತಿದ್ದಾನೆ." ಯಾರೂ ಚಪ್ಪಾಳೆ ತಟ್ಟಲಿಲ್ಲ. ಆ ಮಾತಿನಿಂದಲೇ ಸೋತರು ಎನ್ನಲಾರೆ, ಬೇರೆ ಕಾರಣಗಳೂ ಇದ್ದವು. ಆದರೆ ಸೋತರು. ಮರುದಿನ ನಾನು ಹೋದಾಗ ಪಡಸಾಲೆಯಲ್ಲಿ ನಾಯಿ ಮಾತ್ರ ಇತ್ತು. "ಬರ್ರಿ, ಇವತ್ತು ಪಾಳಿ ಇಲ್ಲ" ಎಂದರು.

ಪಾಳಿ ತಿರುಗಿ ಶುರುವಾಗಲು ತಿಂಗಳು ಹಿಡಿಯಲಿಲ್ಲ. ಖಾಸದಾರಿಕೆ ಹೋದರೂ ಟೈಪ್‌ರೈಟರು ಇತ್ತು. ಅದರ ಮುಂದೆ ಕುಳಿತಿದ್ದಾಗಲೇ ಎರಡು ವರ್ಷದ ಮೇಲೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು.

ನಾನು ಕೊನೆಯ ಸಲ ನೋಡಿದಾಗ ಅವರು ಮಂಚದ ಮೇಲಿದ್ದರು. ಒಂದೇ ಕಡೆ ಇಷ್ಟು ಹೊತ್ತು ಇದ್ದದ್ದನ್ನು ನಾನು ಕಂಡದ್ದು ಅದೇ ಮೊದಲು. ಸಡಾದ ಸುದ್ದಿ ಹೇಳತೊಡಗಿದೆ. ಹಿಂದಿನ ಖೋಲಿಯ ಹುಡುಗಿಗೆ ಸರ್ಟಿಫಿಕೇಟು ಬಂತು, ನರ್ಸಿಂಗ್ ಸೇರಿದಳು ಎಂದೆ. ಹೊದಿಕೆಯ ಮೇಲೆ ಎಡಗೈಯ ತೋರುಬೆರಳು ಮೆಲ್ಲಗೆ ಆಡತೊಡಗಿತು. ನಲ್ಲಿ ಇನ್ನೂ ಬಂದಿಲ್ಲ ಎಂದೆ. ಬೆರಳು ಆಡುತ್ತಲೇ ಇತ್ತು.

"ಸಾಹೇಬ್ರ, ನೀವು ಲಗೂನ ಆರಾಮ ಆಗ್ತೀರಿ" ಎಂದೆ.

ಬೆರಳು ನಿಂತಿತು.

ಅವರು ನನ್ನನ್ನೇ ನೋಡುತ್ತಿದ್ದರು. ಕಣ್ಣಲ್ಲಿ ಸಿಟ್ಟಿರಲಿಲ್ಲ, ಕಾಯುವಿಕೆ ಇತ್ತು. ಅರ್ಜಿದಾರರು ದಾರಿ ತಪ್ಪಿದಾಗ ಕಾಯುತ್ತಿದ್ದರಲ್ಲ, ಹಾಗೆ.

"ನನಗ ಅಂಜಿಕಿ ಆಗಾಕತ್ತೈತ್ರಿ" ಎಂದೆ. "ನೀವಿಲ್ಲಂದ್ರ ಯಾರ ಕಡೆ ಹೋಗಬೇಕು ಅಂತ ತಿಳಿವಲ್ದು."

ಬೆರಳು ಅಲುಗಿತು. ಒಂದೊಂದೇ ಅಕ್ಷರ, ನಿಧಾನ, ಆ ಮಾತನ್ನು ಪೂರಾ ಹೊಡೆದು ಮುಗಿಸಿತು. ಆಮೇಲೆ ಅದೇ ಬೆರಳು ಮೇಲೆದ್ದು ನನ್ನ ಕಡೆ ತೋರಿಸಿತು.

ಆ ಮಳೆಗಾಲದಲ್ಲೇ ಅವರು ಹೋದರು. ಸುದ್ದಿ ಬಂದದ್ದು ಭಾನುವಾರ. ಟಾಕಿಯ ಕಟ್ಟೆಯ ಮೇಲೆ ಐದಾರು ಮಂದಿ ಕಾಯುತ್ತಿದ್ದರು, ನಾನು ಏಳಲಿಲ್ಲ. ಎದುರಿಗಿದ್ದ ಹೆಂಗಸು ಮಗಳ ಸಂಕಟ ಹೇಳಿಕೊಂಡು ಅಳುತ್ತಿದ್ದಳು. ನನ್ನ ಬೆರಳು ಫಾರ್ಮಿನ ಮೇಲೆ ಸುಮ್ಮನೆ ನಿಂತಿದ್ದನ್ನು ನಾನೇ ನೋಡಿದೆ.

"ತಾರೀಖು ಹೇಳವ್ವಾ" ಎಂದೆ.